ಇಪ್ಪತ್ತು ನಿಮಿಷದ ರೊಟ್ಟಿ

ಸದಾಶಿವ ಮಾಸ್ತರರು ಬರೆದ ಪಾಳಿ ಪಟ್ಟಿಯಲ್ಲಿ ಹುಳುಕು ಹುಡುಕುವ ಧೈರ್ಯ ಇಡೀ ವಿಜಾಪುರದಲ್ಲಿ ಯಾರಿಗೂ ಇರಲಿಲ್ಲ. ಡ್ರಾಯಿಂಗ್ ಹಾಳೆಯ ಮೇಲೆ ಫೂಟಪಟ್ಟಿ ಇಟ್ಟು ಗೆರೆ ಹೊಡೆದು, ಕೆಂಪು ಶಾಯಿಯಲ್ಲಿ ಹೊತ್ತು, ನೀಲಿ ಶಾಯಿಯಲ್ಲಿ ಕೆಲಸ, ಕಪ್ಪಿನಲ್ಲಿ ದಳದ ಹೆಸರು ಬರೆಯುತ್ತಿದ್ದರು. ಮೂವತ್ತೆರಡು ಸ್ಕೌಟ್ ಹುಡುಗರು, ನಾಲ್ಕು ದಳ, ನಾಲ್ಕು ದಿನದ ಶಿಬಿರ. ಇವತ್ತು ನೀರು ಹೊತ್ತವರು ನಾಳೆ ಕಟ್ಟಿಗೆ ತರಬೇಕು, ಕಟ್ಟಿಗೆ ತಂದವರು ನಾಡಿದ್ದು ಒಲೆಯ ಮುಂದೆ ಕೂಡಬೇಕು, ಒಲೆಯ ಮುಂದೆ ಕೂತವರು ಮರುದಿನ ಪಾತ್ರೆ ತಿಕ್ಕಬೇಕು. ವಕೀಲನ ಮಗ, ಅಡತಿ ಸಾಹುಕಾರನ ಮಗ ಅಂತ ಯಾರಿಗೂ ರಿಯಾಯಿತಿ ಇಲ್ಲ. ಹತ್ತು ಐವತ್ತಕ್ಕೆ ಪಲ್ಯ ಒಲೆಯ ಮೇಲೆ ಏರಬೇಕು. ಹನ್ನೊಂದು ಹತ್ತರಿಂದ ಹನ್ನೊಂದೂವರೆ ತನಕ ರೊಟ್ಟಿ. ಹನ್ನೊಂದು ನಲವತ್ತಕ್ಕೆ ಪಂಕ್ತಿ.

ಬೇರೆ ಸಾಲೆಯವರು ಶಿಬಿರಕ್ಕೆ ಹೊರಟರೆ ಒಬ್ಬ ಅಡುಗೆಯವನನ್ನೂ ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಅದನ್ನು ಕಂಡರೆ ಮಾಸ್ತರರಿಗೆ ಮೈಯೆಲ್ಲ ಉರಿ. "ಅದು ಶಿಬಿರ ಅಲ್ಲೋ, ಬೀಗರೂಟ" ಎನ್ನುತ್ತಿದ್ದರು. ಅವರ ಶಿಬಿರದಲ್ಲಿ ಒಂದು ಕಟ್ಟಳೆ ಇತ್ತು. ಒಲೆ ಹೂಡಿದ ಜಾಗದ ಸುತ್ತ ಸುಣ್ಣದ ಗೆರೆ ಎಳೆಯುವುದು. ಅದರ ಒಳಗೆ ದೊಡ್ಡವರು ಯಾರೂ ಕಾಲಿಡಕೂಡದು. ಗೆರೆಯೊಳಗೆ ಏನು ಸುಟ್ಟರೂ, ಏನು ಚೆಲ್ಲಿದರೂ ಹುಡುಗರೇ ನೋಡಿಕೊಳ್ಳಬೇಕು. ಏಳು ವರ್ಷದಲ್ಲಿ ಮಾಸ್ತರರು ಒಂದು ಸಲವೂ ಆ ಗೆರೆ ದಾಟಿದವರಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಕೂತು, ಕೈಗಡಿಯಾರ ನೋಡುತ್ತ, ಹೊಗೆ ಏಳುವುದನ್ನು ಕಂಡು ಹಿಗ್ಗುತ್ತಿದ್ದರು.

ಹಿಗ್ಗಲಿಕ್ಕೆ ಕಾರಣವೂ ಇತ್ತು. ಅರವತ್ತೊಂಬತ್ತರಲ್ಲಿ ಕನಮಡಿಯ ಹತ್ತಿರ ಮೊದಲ ಶಿಬಿರ ಹಾಕಿದಾಗ ಹುಡುಗರು ಹಸಿ ಹಿಟ್ಟು, ಸೀದ ಬೇಳೆ ತಿಂದು ಹೊಟ್ಟೆ ಹಿಡಿದುಕೊಂಡು ಹೊರಳಾಡಿದ್ದರು. ಹೆಡ್ ಮಾಸ್ತರರು ಎಲ್ಲರೆದುರು ಉಗಿದಿದ್ದರು. ಮನೆಗೆ ಬಂದ ಮಾಸ್ತರರಿಗೆ ಎಂಟು ದಿನ ಜ್ವರ. ಅಂಥಾದ್ದು, ಮರುವರ್ಷ ಟಿಕೋಟಾದಲ್ಲಿ ಅದೇ ಹುಡುಗರು ಬಟ್ಟಲಿನಂಥ ದುಂಡನೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮಾಡಿ ಬಡಿಸಿದರು. ಆಮೇಲೆ ಪ್ರತಿ ವರ್ಷ ಹಾಗೆಯೇ. "ಒಮ್ಮೆ ಸೋತವರು ಕಲಿತೇ ಕಲೀತಾರ" ಎಂದು ಮಾಸ್ತರರು ಸಾಲೆಯ ಸಭೆಗಳಲ್ಲಿ ಹೇಳಿ ಹೇಳಿ ಆ ಮಾತು ಸವೆದುಹೋಗಿತ್ತು. ಅವರ ಕೊರಗು ಒಂದೇ. ಇಷ್ಟು ಚೆಂದ ರೊಟ್ಟಿ ಬಡಿಯುವ ಹುಡುಗರಿಗೆ ಚಹಾ ಮಾಡಲಿಕ್ಕೆ ಯಾಕೆ ಬರುವುದಿಲ್ಲ? ಶಿಬಿರದ ಚಹಾ ಯಾವಾಗಲೂ ಕಲಗಚ್ಚು.

ಎಪ್ಪತ್ತಾರರ ಡಿಸೆಂಬರಿನಲ್ಲಿ ಒಂದು ಸಂಜೆ ಮಾಸ್ತರರು ಜೋರಾಪುರ ಪೇಟೆಯ ತಮ್ಮ ಮನೆಗೆ ನೆಲ ಮುಟ್ಟದ ಕಾಲಿನಲ್ಲಿ ಬಂದರು. ಹೆಂಡತಿ ರಾಚವ್ವ ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

"ಕೇಳಿದೇನು? ಧಾರವಾಡದಿಂದ ಸಖೂಬಾಯಾರು ಬರಾಕತ್ತಾರ, ತರಬೇತಿ ಕೊಡೋರು. ನಮ್ಮ ಶಿಬಿರ ನೋಡಾಕ! ಅವರ ಮನಸ್ಸಿಗೆ ಬಂತಂದ್ರ ನನ್ನ ಪಾಳಿ ಪಟ್ಟಿ ಅಚ್ಚು ಹಾಕಿಸಿ ಜಿಲ್ಲಾದ ಎಲ್ಲಾ ಸಾಲಿಗೂ ಕಳಸ್ತಾರಂತ."

ರಾಚವ್ವನ ಕೈ ಒಂದು ಕ್ಷಣ ನಿಂತಿತು. "ಈ ಸಲಾನೂ ಟಿಕೋಟಾದಾಗ ಹೌದಲ್ಲರಿ? ನಮ್ಮಣ್ಣನ ತ್ವಾಟದಾಗ?"

"ಇಲ್ಲ, ಬಬಲೇಶ್ವರದಾಗ. ಹೆಡ್ ಮಾಸ್ತರ್ರು ಅಲ್ಲೇ ಗೊತ್ತ ಮಾಡ್ಯಾರ."

"ಅಷ್ಟ ದೂರ ಯಾಕ್ರಿ? ಟಿಕೋಟಾದಾಗ ಬಾವಿ ಐತಿ, ನೆಳ್ಳ ಐತಿ."

"ಎಲ್ಲಿದ್ರೇನು ಬೇ? ನನ್ನ ಹುಡುಗೂರು ಎಲ್ಲಿ ಕುಂದ್ರಸಿದ್ರೂ ಅಡಿಗಿ ಮಾಡ್ತಾರ."

ಹಂಚಿನ ಮೇಲಿನ ರೊಟ್ಟಿ ಹೊತ್ತಿತ್ತು. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ರೊಟ್ಟಿ ಹೊತ್ತಿಸಿದ್ದನ್ನು ಮಾಸ್ತರರು ಕಂಡಿರಲಿಲ್ಲ. ಕಂಡರೂ ಅದರ ಅರ್ಥ ಕೇಳುವ ಮನುಷ್ಯ ಅವರಲ್ಲ. ಪಟ್ಟಿ ಬರೆಯಲು ಕೂತುಬಿಟ್ಟರು.

ಬಬಲೇಶ್ವರದ ಶಿಬಿರದಲ್ಲಿ ಮೊದಲೆರಡು ದಿನ ಹೂವೆತ್ತಿದ ಹಾಗೆ ಕಳೆದವು. ಹುಲಿ ದಳದ ನಾಯಕ ಅಮೋಘಿ, ಹತ್ತನೇ ಇಯತ್ತೆಯ ಹುಡುಗ, ಎಲ್ಲವನ್ನೂ ಎತ್ತಿನ ಹಾಗೆ ಎಳೆಯುತ್ತಿದ್ದ. ಮಾಸ್ತರರಿಗೆ ಅವನೆಂದರೆ ಜೀವ. ಮಕ್ಕಳಿಲ್ಲದ ಅವರು ಪ್ರತಿ ವರ್ಷ ಒಬ್ಬ ಹುಡುಗನನ್ನು ಮನಸ್ಸಿನಲ್ಲೇ ಮಗನೆಂದು ಇಟ್ಟುಕೊಳ್ಳುತ್ತಿದ್ದರು. ಈ ವರ್ಷದವನು ಇವನು. ಒಲೆಯ ಪಾಳಿ ಯಾರದೇ ಇರಲಿ, ಹನ್ನೊಂದು ನಲವತ್ತಕ್ಕೆ ಸರಿಯಾಗಿ ಅಮೋಘಿ ಸುಣ್ಣದ ಗೆರೆಯ ಅಂಚಿಗೆ ಬಂದು ಮೂರು ಬೆರಳು ಎತ್ತಿ ಸಲಾಂ ಹೊಡೆದು, "ಊಟ ತಯಾರ ಐತ್ರಿ ಸರ್" ಎನ್ನುತ್ತಿದ್ದ. ರೊಟ್ಟಿ ಬಿಸಿಯಾಗಿರುತ್ತಿತ್ತು, ಅಂಚಿನಲ್ಲಿ ಕೆಂಡದ ಕರಿ, ಹೊಗೆಯ ವಾಸನೆ. ಆ ವಾಸನೆ ಮೂಗಿಗೆ ಬಡಿದರೆ ಮಾಸ್ತರರಿಗೆ ಕಣ್ಣು ತುಂಬುತ್ತಿತ್ತು. "ಕೈ ಕೆಸರಾದರೆ ಬಾಯಿ ಮೊಸರು" ಎಂದು ಹುಡುಗರಿಗೆಲ್ಲ ಕೇಳುವಂತೆ ಹೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಹುಡುಗರು ತಲೆ ತಗ್ಗಿಸಿ ಉಂಡರು. ಅದನ್ನು ಮಾಸ್ತರರು ವಿನಯ ಎಂದುಕೊಂಡರು.

ಮೂರನೆಯ ದಿನ ಹತ್ತು ಗಂಟೆಗೆ ಸಖೂಬಾಯಿ ಬಂದರು. ಐವತ್ತು ದಾಟಿದ ಗಟ್ಟಿ ಹೆಂಗಸು, ನೀಲಿ ಸೀರೆ, ಕಾಲಿಗೆ ಬೂಟು. ಡೇರೆ ನೋಡಿದರು, ಗಂಟು ಕಟ್ಟಿದ್ದು ನೋಡಿದರು, ಹುಡುಗರ ಉಗುರು ನೋಡಿದರು. ಎಲ್ಲದಕ್ಕೂ ತಲೆದೂಗಿದರು. ಕಡೆಗೆ ಕಂಬಕ್ಕೆ ಬಡಿದ ಪಾಳಿ ಪಟ್ಟಿಯ ಮುಂದೆ ನಿಂತರು.

"ಅಕ್ಷರ ಭಾಳ ಚೆಂದ ಅದಾವು" ಎಂದರು ಸಖೂಬಾಯಿ. ಮತ್ತೆ ಬೆರಳು ಇಟ್ಟು ಓದಿದರು. "ಮಾಸ್ತರ, ಒಬ್ಬೊಬ್ಬಗ ಎಷ್ಟ ರೊಟ್ಟಿ?"

"ಎರಡ್ರಿ. ಅರವತ್ನಾಕು ಆಗತಾವು."

"ಹಂಚು ಎಷ್ಟ?"

"ಎರಡ್ರಿ."

"ನೀವು ಎಂದಾದ್ರೂ ರೊಟ್ಟಿ ಬಡದೀರೇನು?"

ಮಾಸ್ತರರು ನಕ್ಕುಬಿಟ್ಟರು. "ನಾನ್ರಿ? ಮನಿಯಾಗ ಆಕಿ ಇದ್ದಾಳಲ್ಲರಿ."

ಸಖೂಬಾಯಿ ನಗಲಿಲ್ಲ. "ನಾ ನಲವತ್ತ ವರ್ಷದಿಂದ ಬಡ್ಯಾಕತ್ತೇನಿ. ಹಿಟ್ಟು ನಾದಿ, ತಟ್ಟಿ, ನೀರ ಸವರಿ, ಬೇಯಿಸಿ ತಗ್ಯಾಕ ಒಂದಕ್ಕ ಮೂರ ನಿಮಿಷ ಬೇಕು. ಎರಡ ಹಂಚಿನ ಮ್ಯಾಲ ಅರವತ್ನಾಕು ಅಂದ್ರ ಒಂದೂವರಿ ತಾಸ ಆತು. ನಿಮ್ಮ ಪಟ್ಟಿಯೊಳಗ ಇಪ್ಪತ್ತ ನಿಮಿಷ ಐತಿ. ಆ ಕೈ ಯಾವು, ಸ್ವಲ್ಪ ನೋಡ್ತೇನಿ."

ಹಾಗೆಂದವರೇ ಸುಣ್ಣದ ಗೆರೆಯ ಕಡೆ ನಡೆದರು. ಮಾಸ್ತರರು ಹಿಂದೆಯೇ ಓಡಿದರು. "ಬಾಯಾರ, ಗೆರಿ ದಾಟಬಾರದ್ರಿ, ನಮ್ಮ ಕಟ್ಟಳಿ..."

"ಅದು ನಿಮ್ಮ ಗೆರಿ. ನಂದಲ್ಲ."

ಅವರು ದಾಟಿದರು. ಒಂದು ಗಳಿಗೆ ತಡೆದು ಮಾಸ್ತರರೂ ದಾಟಿದರು.

ಒಲೆ ಉರಿಯುತ್ತಿತ್ತು. ಅದರ ಮೇಲೆ ಚಹಾದ ಪಾತ್ರೆ. ಜೋಳದ ಹಿಟ್ಟಿನ ಚೀಲ ಮೂಲೆಯಲ್ಲಿ ನಿಂತಿತ್ತು. ಗಿರಣಿಯವನು ಹಾಕಿದ ಹೊಲಿಗೆ ಹಾಗೆಯೇ ಇತ್ತು. ಎರಡು ಹಂಚುಗಳ ತಳ ಅಂಗಡಿಯಿಂದ ಈಗ ತಂದಷ್ಟು ಚೊಕ್ಕ. ಕಲ್ಲಿನ ಹಿಂದೆ ಒಂದು ದೊಡ್ಡ ಬುಟ್ಟಿ. ಅದಕ್ಕೆ ಮುಚ್ಚಿದ ಹಸಿರು ಬಟ್ಟೆಯನ್ನು ಮಾಸ್ತರರು ದೂರದಿಂದಲೇ ಗುರುತಿಸಿದರು. ಅವರದೇ ಹಳೆಯ ಸ್ಕೌಟ್ ಕೊರಳುವಸ್ತ್ರ. ಮೂಲೆಯಲ್ಲಿ ರಾಚವ್ವ ಬಿಳಿ ದಾರದಲ್ಲಿ ಹಾಕಿದ ತೇಪೆ. ಹೋದ ವರ್ಷ ಅದನ್ನು ಮನೆಯೆಲ್ಲ ಹುಡುಕಿದ್ದರು. "ಇಲಿ ಒಯ್ದಿರಬೇಕ್ರಿ" ಅಂದಿದ್ದಳು ರಾಚವ್ವ.

ಸಖೂಬಾಯಿ ಬಟ್ಟೆ ಎತ್ತಿದರು. ರೊಟ್ಟಿಯ ಮೇಲೆ ರೊಟ್ಟಿ, ಅದರ ಮೇಲೆ ಪಲ್ಯದ ಡಬ್ಬಿ, ಹಿಂಡಿಯ ಡಬ್ಬಿ. ಹುಲಿ ದಳದ ಇಬ್ಬರು ಹುಡುಗರು ಇಕ್ಕಳದಲ್ಲಿ ಒಂದೊಂದೇ ರೊಟ್ಟಿ ಹಿಡಿದು ಕೆಂಡದ ಮೇಲೆ ಬೆಚ್ಚಗೆ ಮಾಡುತ್ತಿದ್ದವರು ಹಾಗೆಯೇ ನಿಂತುಬಿಟ್ಟರು.

ಮಾಸ್ತರರಿಗೆ ಮೊದಲು ಸಿಟ್ಟು ಬರಲಿಲ್ಲ. "ಅಮೋಘಿ, ಇದೇನೋ?"

ಅಮೋಘಿ ಬುಟ್ಟಿಗೆ ಅಡ್ಡ ಬಂದು ನಿಂತ.

"ಸ್ಕೌಟ್ ಆಣಿ ಮಾಡಿ ಹೇಳು. ಯಾರ ಕಳಿಸ್ಯಾರ ಇದನ್ನ?"

"ಆಣಿ ಮಾಡ್ಯಾಗೈತ್ರಿ ಸರ್" ಎಂದ ಅಮೋಘಿ. "ನಿಮಗ ಹೇಳಬಾರದಂತ. ಮೂರ ಬಟ್ಟ ಎತ್ತಿ ಮಾಡೇವ್ರಿ. ಹಿಂದಿನ ದಳದವ್ರು ನಮಗ ಮಾಡಸ್ಯಾರ, ಅವರಿಗೆ ಅವರ ಹಿಂದಿನವ್ರು. ಕೊಟ್ಟ ಮಾತು ಮುರೀಬಾರದಂತ ನೀವ ಕಲಿಸೀರಲ್ಲರಿ."

ಹೇಳುವುದೆಲ್ಲ ಅಲ್ಲಿಗೆ ಮುಗಿದಿತ್ತು. ಆದರೂ ಹುಡುಗ ಅಳುತ್ತ ಉಳಿದದ್ದನ್ನೂ ಹೇಳಿಬಿಟ್ಟ. ಟಿಕೋಟಾದ ಶಿಬಿರಗಳಲ್ಲಿ ಅವ್ವಾರ, ಅಂದರೆ ರಾಚವ್ವನ, ಅತ್ತಿಗೆ ಬೋರವ್ವ ತೋಟದ ಮನೆಯಿಂದ ರೊಟ್ಟಿ ಕಳಿಸುತ್ತಿದ್ದಳು. ಈ ಸಲ ಅವ್ವಾರು ವಿಜಾಪುರದ ಮನೆಯಲ್ಲೇ ಬಡಿದು ಬೆಳಗಿನ ಬಸ್ಸಿಗೆ ಹಾಕುತ್ತಾರೆ. ಹಿಟ್ಟಿನ ಚೀಲ ಕಡೆಯ ದಿನ ಅದೇ ಬಸ್ಸಿನಲ್ಲಿ ಸದ್ದಿಲ್ಲದೆ ತಿರುಗಿ ಹೋಗುತ್ತದೆ.

"ಹಂಗಾರ ನೀವ ಮಾಡೋದೇನು?" ಎಂದರು ಸಖೂಬಾಯಿ.

"ಚಾ ಅಷ್ಟ ನಾವ ಕಾಸತೇವ್ರಿ" ಎಂದ ಅಮೋಘಿ.

ಬೇರೆ ದಿನವಾಗಿದ್ದರೆ ಮಾಸ್ತರರಿಗೂ ನಗು ಬರುತ್ತಿತ್ತು. ಅವರು ಬೇವಿನ ಗಿಡದ ಕೆಳಗೆ ಬಂದು ಕೂತರು. ಏಳು ವರ್ಷ ಅಲ್ಲೇ ಕೂತು ಹಿಗ್ಗಿದ್ದೆಲ್ಲ ಒಂದೊಂದಾಗಿ ನೆನಪಾಗತೊಡಗಿತು, ಒಂದೊಂದೂ ಕೆನ್ನೆಗೆ ಬಿಗಿದ ಹಾಗೆ. ಸಭೆಯಲ್ಲಿ ತಾವು ಭಾಷಣ ಮಾಡುವಾಗ ಮುಂದಿನ ಸಾಲಿನ ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡದ್ದು. ರೊಟ್ಟಿ ಮುರಿದು ಬಾಯಿಗಿಟ್ಟು, "ಥೇಟ್ ನಮ್ಮ ಮನಿ ರೊಟ್ಟಿ ಆಗ್ಯಾವಲ್ಲೋ" ಎಂದು ತಾವೇ ಹೊಗಳಿದ್ದು. ಅವರಿಗೆ ಆ ಹೊತ್ತಿಗೆ ಭೂಮಿ ಬಾಯಿ ಬಿಡಬಾರದೆ ಅನಿಸಿತು.

ಸಖೂಬಾಯಿ ಹೋಗುವಾಗ ಒಂದು ಅಚ್ಚಾದ ಕಾಗದ ಅವರ ಕೈಗೆ ಕೊಟ್ಟರು. ಶಿಬಿರದಲ್ಲಿ ಅಡುಗೆ ಮಾಡಿದವರು ಯಾರು ಎಂಬುದಕ್ಕೆ ಒಂದು ಸಾಲು ಖಾಲಿ, ಕೆಳಗೆ "ನನ್ನ ಗೌರವದ ಮೇಲೆ ಇದು ಸತ್ಯ" ಎಂದು ಸಹಿಯ ಜಾಗ. "ನಾ ಕಂಡದ್ದು ನನ್ನ ಹೊಟ್ಟ್ಯಾಗ ಇರತೈತಿ, ಮಾಸ್ತರ. ಬರ್ಯೋದು ನಿಮಗ ಬಿಟ್ಟದ್ದು" ಎಂದರು. ಹುಡುಗರ ಕಡೆ ತಿರುಗಿ ನೋಡಿ, "ಅಕ್ಷರ ಮಾತ್ರ ಭಾಳ ಚೆಂದ" ಎಂದು ಇನ್ನೊಮ್ಮೆ ಹೇಳಿ ಹೋದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮಾಸ್ತರರು ಡೇರೆ ಬಿಚ್ಚಿಸಿದರು. ನಾಲ್ಕು ದಿನದ ಶಿಬಿರ ಮೂರನೆಯ ಮಧ್ಯಾಹ್ನಕ್ಕೇ ಮುಗಿಯಿತು. ಬಸ್ಸು ಬಂದಾಗ ಕಂಡಕ್ಟರ್ ಗೊಲ್ಲಾಳಪ್ಪ ಬಾಗಿಲಲ್ಲೇ ನಿಂತಿದ್ದ. ಮೊದಲ ತಂಡದ ಹುಲಿ ದಳದ ನಾಯಕ ಅವನೇ. ಕನಮಡಿಯಲ್ಲಿ ಹೊಟ್ಟೆ ಹಿಡಿದುಕೊಂಡು ಹೊರಳಾಡಿದವರಲ್ಲಿ ಒಬ್ಬ. ಈಗಲೂ ಮಾಸ್ತರರನ್ನು ಎಲ್ಲಿ ಕಂಡರೂ ಮೂರು ಬೆರಳಿನ ಸಲಾಂ ಹೊಡೆದು, "ಸ್ವಂತ ಕೈಲೆ ಉಣ್ಣೂದು ನೀವ ಕಲಿಸಿದ್ರಿ ಸರ್" ಎನ್ನುತ್ತಿದ್ದ. ಇವತ್ತೂ ಕೈ ಎತ್ತಿದ. ಮಾಸ್ತರರ ಕೈಯಲ್ಲಿ ಬುಟ್ಟಿ ಕಂಡು ಆ ಕೈ ಅರ್ಧಕ್ಕೆ ನಿಂತಿತು.

"ನೀನೂ ಏನಲೇ?" ಎಂದರು ಮಾಸ್ತರರು.

ಗೊಲ್ಲಾಳಪ್ಪ ಸೀಟಿಯನ್ನು ಬೆರಳಿನಲ್ಲಿ ತಿರುಗಿಸಿದ. "ಮೊದಲಿಗೆ ಆಣಿ ಮಾಡಿದಾಂವ ನಾನ ಸರ್. ಕನಮಡಿ ಆದ ಮ್ಯಾಲ ಅವ್ವಾರು ನಮ್ಮನ್ನ ಕರದು ಹೇಳಿದ್ರು. ನಿಮ್ಮ ಮಾರಿ ನೋಡಿ ಯಾರಿಗೂ ಇಲ್ಲ ಅನ್ನಾಕ ಆಗಲಿಲ್ಲರಿ."

"ಎಷ್ಟ ಮಂದಿಗಿ ಗೊತ್ತೈತಿ?"

"ಎಲ್ಲಾರಿಗೂ ಗೊತ್ತೈತ್ರಿ. ನಕ್ಕವರು ಯಾರೂ ಇಲ್ಲರಿ ಸರ್. ನಿಮ್ಮ ಮ್ಯಾಲ ಎಲ್ಲಾರಿಗೂ ಭಾಳ ಜೀವ" ಎಂದ.

ನಕ್ಕಿದ್ದರೆ ಮಾಸ್ತರರು ಸಹಿಸುತ್ತಿದ್ದರು. ಊರ ತುಂಬ ತಮ್ಮ ಹುಡುಗರು, ಒಬ್ಬ ಕಂಡಕ್ಟರ್, ಒಬ್ಬ ಕಾರಕೂನ, ಒಬ್ಬ ಪೊಲೀಸ, ಎಲ್ಲರೂ ಏಳು ವರ್ಷದಿಂದ ತಮ್ಮನ್ನು ಕೈಗೂಸಿನ ಹಾಗೆ ಸಂಭಾಳಿಸುತ್ತ ಬಂದಿದ್ದಾರೆ. ದಾರಿಯುದ್ದಕ್ಕೂ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತರು. ಅಮೋಘಿ ಹಿಂದಿನ ಸೀಟಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಅವರು ತಿರುಗಿ ನೋಡಲಿಲ್ಲ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಪಡಸಾಲೆಯಲ್ಲಿ ರಾಚವ್ವ ಓಣಿಯ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ಸೊಪ್ಪು ಸೋಸುತ್ತಿದ್ದಳು, ನಾಳಿನ ಪಲ್ಯಕ್ಕೆ. ಒಂದು ದಿನ ಮೊದಲೇ ಬಂದ ಮಾಸ್ತರರನ್ನೂ, ಅವರ ಕೈಯ ಬುಟ್ಟಿಯನ್ನೂ ನೋಡಿ ನಾಲ್ವರೂ ಸೆರಗು ಸರಿಮಾಡಿಕೊಂಡು ಒಬ್ಬೊಬ್ಬರಾಗಿ ಎದ್ದು ಹೋದರು. ಅಂದರೆ ಓಣಿಗೂ ಗೊತ್ತಿತ್ತು.

ಮಾಸ್ತರರು ಬುಟ್ಟಿಯನ್ನು ಅವಳ ಮುಂದೆ ಇಟ್ಟರು. ಹಸಿರು ವಸ್ತ್ರವನ್ನು ಅದರ ಮೇಲೆ ಹಾಸಿದರು. "ಇಲಿ ಹೊಳ್ಳಿ ಕೊಟ್ಟೈತಿ, ತಗೋ" ಎಂದರು.

ರಾಚವ್ವ ಅಳಲಿಲ್ಲ. ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಸರಿಸಿದಳು. "ಕನಮಡಿಯಿಂದ ಬಂದಾಗ ಜ್ವರದಾಗ ನೀವು ಏನ್ ಬಡಬಡಸಿದ್ರಿ ಗೊತ್ತೈತೇನ್ರಿ? 'ನಾ ಸೋತೆ, ನಾ ಸೋತೆ' ಅಂತ ಎಂಟ ದಿನ. ನಂಗ ಅದನ್ನ ಇನ್ನೊಮ್ಮೆ ಕೇಳಾಕ ಆಗತಿದ್ದಿಲ್ಲ. ಒಂದ ವರ್ಷ ಮಾಡೂಣು, ಹುಡುಗೂರು ಅಷ್ಟೊತ್ತಿಗೆ ಕಲೀತಾವು ಅಂದಕೊಂಡೆ."

"ಕಲಿಯಾಕ ನೀ ಎಲ್ಲಿ ಬಿಟ್ಟಿ? ಇನ್ನೊಂದ ಸಲ ಉಪಾಸ ಬಿದ್ದಿದ್ರ ತಾವ ಕಲೀತಿದ್ರು. ಅವರಿಗೆ ಸುಳ್ಳ ಹೇಳೂದು ಕಲಿಸಿದಿ. ನಾ ಕಲಿಸಿದ ಆಣಿ ಮಾಡಿಸಿ ಕಲಿಸಿದಿ. ನಾ ನಂಬಿದ್ದು ಇದೊಂದು, ಇದರಾಗನೂ ಮೋಸ ಮಾಡಿದ್ಯಲ್ಲ, ರಾಚಿ."

ಆಗ ರಾಚವ್ವನ ಮುಖ ಕೆಂಪಾಯಿತು. "ಇಪ್ಪತ್ತ ನಿಮಿಷ ಅಂತ ಬರದೀರಿ ಪಟ್ಟಿಯೊಳಗ. ನಾ ಓದಾಕ ಬಾರದಾಕಿ, ಅಮೋಘಿ ಓದಿ ಹೇಳಿದ. ಹದಿನೆಂಟ ವರ್ಷ ದಿನಾ ನಿಮ್ಮ ಕಣ್ಣ ಮುಂದ ರೊಟ್ಟಿ ಬಡದೇನಿ. ಒಂದ ಮಾತ, 'ರಾಚಿ, ರೊಟ್ಟಿಗಿ ಎಷ್ಟೊತ್ತ ಬೇಕು?' ಅಂತ ಕೇಳಿದ್ರೇನು?"

"ನೀ ಹೇಳಬೇಕಿತ್ತು."

"ಹೇಳಿದ್ರ ಕೇಳತಿದ್ರೇನು?"

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಕೇಳುತ್ತಿರಲಿಲ್ಲ ಎಂದು ಮಾಸ್ತರರಿಗೆ ಗೊತ್ತಿತ್ತು. ಗೊತ್ತಾಗಿದ್ದರಿಂದ ನೋವು ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ. ತಪ್ಪು ತಮ್ಮದೂ ಇದೆ ಎಂದು ತಿಳಿದಮೇಲೆ ಸಿಟ್ಟು ಇಳಿಸುವ ಜಾಗವೂ ಇಲ್ಲದೆ ಹೋಯಿತು. ಅವರು ಜೇಬಿನಿಂದ ಆ ಕಾಗದ ತೆಗೆದು ಗೂಡಿನ ದೀಪದ ಬೆಳಕಿಗೆ ಹಿಡಿದರು. ಖಾಲಿ ಸಾಲಿನಲ್ಲಿ ಅದೇ ಚೆಂದದ ಅಕ್ಷರದಲ್ಲಿ ಬರೆದರು: ನನ್ನ ಹೆಂಡತಿ ರಾಚವ್ವ ಮತ್ತು ಅವಳ ಅತ್ತಿಗೆ ಬೋರವ್ವ, ಏಳು ಶಿಬಿರ. ಕೆಳಗೆ ಸಹಿ ಹಾಕಿದರು. ಪಾಳಿ ಪಟ್ಟಿ ಇನ್ನು ಅಚ್ಚಾಗುವುದಿಲ್ಲ, ಸಾಲೆಯಲ್ಲಿ ಮುಖ ಎತ್ತಿ ಓಡಾಡುವಂತಿಲ್ಲ. ಅದನ್ನು ಅವರು ಅಳೆದು ನೋಡಿಯೇ ಸಹಿ ಹಾಕಿದ್ದರು.

ರಾಚವ್ವ ತಾಟು ಇಟ್ಟಳು. ಬಿಸಿ ರೊಟ್ಟಿ, ಹಿಂಡಿ, ಮೊಸರು. "ಮುಂಜಾನಿಯಿಂದ ಉಂಡಿಲ್ಲ, ಏಳ್ರಿ" ಎಂದಳು.

ಮಾಸ್ತರರು ಎದ್ದರು. ತಾಟಿನ ಕಡೆ ನೋಡದೆ ಒಲೆಯ ಹತ್ತಿರ ಹೋಗಿ ಹಿಟ್ಟಿನ ಡಬ್ಬಿಗೆ ಕೈ ಹಾಕಿದರು. ಒಂದು ಹಿಡಿ ಹಿಟ್ಟು ತೆಗೆದು, ಬಗ್ಗಿ, ಒಲೆಯ ಸುತ್ತ ನೆಲದ ಮೇಲೆ ಉದುರಿಸುತ್ತ ಗೋಡೆಯಿಂದ ಗೋಡೆಗೆ ಗೆರೆ ಎಳೆದರು. ರಾಚವ್ವ ಹೊರಗೆ ಉಳಿದಳು. ಅವರು ಒಳಗೆ ಕೂತು, ಕೈಗಡಿಯಾರ ಬಿಚ್ಚಿ ಒಲೆಯ ಕಟ್ಟೆಯ ಮೇಲಿಟ್ಟು, ಹಿಟ್ಟಿಗೆ ತಣ್ಣೀರು ಸುರಿದು ನಾದತೊಡಗಿದರು.

"ಬಿಸಿನೀರ ಹಾಕಬೇಕ್ರಿ. ಇಲ್ಲಾಂದ್ರ ಹರೀತೈತಿ" ಎಂದಳು ಅವಳು ಗೆರೆಯಾಚೆಯಿಂದ.

ಅವರು ಕೇಳಿಸಿಕೊಂಡರು. ಹಾಕಲಿಲ್ಲ. ಮೊದಲನೆಯದು ಎತ್ತುವಾಗ ಹರಿಯಿತು, ಎರಡನೆಯದು ಅಂಗೈಗೆ ಮೆತ್ತಿಕೊಂಡಿತು. ಮೂರನೆಯದನ್ನು ಹೇಗೋ ಹಂಚಿನ ಮೇಲೆ ಹಾಕಿದರು. ಬೆರಳು ಸುಟ್ಟಿತು, ರೊಟ್ಟಿ ನಡುವೆ ಬಿರಿಯಿತು. ಕಣ್ಣಿನಿಂದ ನೀರು ಹಿಟ್ಟಿನ ಮೇಲೆ ಬಿದ್ದದ್ದು ಹೊಗೆಗೇನಲ್ಲ. ಗಡಿಯಾರ ನೋಡಿದರು. ಇಪ್ಪತ್ತು ನಿಮಿಷ ಆಗಿತ್ತು. ಹಂಚಿನ ಮೇಲೆ ಅರ್ಧ ಹಸಿ, ಅರ್ಧ ಕರಿ, ಒಂದೇ ಒಂದು ರೊಟ್ಟಿ.

ಅದನ್ನೇ ಮುರಿದು ತಿಂದರು. ರಾಚವ್ವನ ತಾಟು ಹೊರಗೆ ಆರುತ್ತಿತ್ತು. ಅವಳು ಎರಡು ಸಲ ಏಳಲು ಹೋಗಿ, ನೆಲದ ಮೇಲಿನ ಹಿಟ್ಟಿನ ಗೆರೆ ನೋಡಿ ಹಾಗೆಯೇ ಕೂತಳು. ಏಳು ವರ್ಷದಲ್ಲಿ ಅವಳು ಗಂಡನ ಕಟ್ಟಳೆ ಪಾಲಿಸಿದ್ದು ಅದೇ ಮೊದಲು.